ಬಾಯಿಪಾಠವಿಲ್ಲದ ಪುಸ್ತಕ

ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಆ ದಿನ ಎಲ್ಲ ಬಸ್ಸುಗಳ ಬೋರ್ಡೂ ತೆಲುಗಿನಲ್ಲಿದ್ದವು.

ಅದು ಕಾರ್ತಿಕ ಸೋಮವಾರ. ಸುರಪುರದಲ್ಲಿ ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿದೆ. ಒಪ್ಪತ್ತು ಇದ್ದುದರಿಂದ ಒಂದು ಲೋಟ ಹಾಲು ಕುಡಿದು ಹೊರಟೆ. ತಲೆಯ ಹಿಂಭಾಗ ಸಣ್ಣಗೆ ನೋಯುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಸುರಪುರದ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಬಸ್ಸು ನಿಂತಿತ್ತು. ಬೋರ್ಡು ನೋಡಿದೆ. ದುಂಡು ದುಂಡನೆಯ ಅಕ್ಷರಗಳು. ಅಕ್ಷರವೆಂದು ತಿಳಿಯುತ್ತದೆ, ಯಾವ ಅಕ್ಷರವೆಂದು ತಿಳಿಯುವುದಿಲ್ಲ. ಗುರುಮಠಕಲ್ ದಾಟಿ ಹೋದಾಗ ಅಂಗಡಿಗಳ ಮೇಲಿನ ತೆಲುಗು ನೋಡಿದರೆ ನನಗೆ ಹೀಗೇ ಆಗುತ್ತಿತ್ತು. ಗುರುತಿನವರ ಮುಖ ಇದ್ದಂತೆ ಇರುತ್ತದೆ, ಹೆಸರು ಬರುವುದಿಲ್ಲ. ಆಂಧ್ರದ ಬಸ್ಸು ಇರಬೇಕೆಂದು ಬಿಟ್ಟುಬಿಟ್ಟೆ. ಮುಂದಿನದು ಬಂತು. ಅದೂ ತೆಲುಗೇ.

ಕಂಡಕ್ಟರನನ್ನು ಕೇಳಿದೆ. "ಯಾಕ್ರಿ, ಇವತ್ತು ಬರೇ ಆಂಧ್ರದ ಬಸ್ಸೇ ಬರಾಕತ್ತಾವಲ್ಲ? ಸುರಪುರದ್ದು ಇಲ್ಲೇನ್ರಿ?"

ಅವನು ನಕ್ಕ. "ಅವ್ವಾರ, ಇದೇ ಸುರಪುರದ್ದು. ಕನ್ನಡದಾಗೇ ಬರ್ದಾರಲ್ರಿ. ಹತ್ರಿ, ಹೊಂಟೀವಿ."

ನಾನು ಹತ್ತಲಿಲ್ಲ.

ಕಲ್ಲುಬೆಂಚಿನ ಮೇಲೆ ಕುಳಿತೆ. ಸುತ್ತ ನೋಡಿದೆ. ಹೋಟೆಲಿನ ಬೋರ್ಡು, ಗೋಡೆಯ ಜಾಹೀರಾತು, ಕೈಚೀಲದ ಮೇಲಿನ ಅಂಗಡಿಯ ಹೆಸರು. ಎಲ್ಲವೂ ಹಾಗೇ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯ ಕೈಗೆ ಫೋನ್ ಕೊಟ್ಟು, ನಮ್ಮ ಮನೆಯವರ ನಂಬರು ಹಚ್ಚಿಸಿದೆ. ಅವರು ಊರಿನ ದವಸದ ಮಾರುಕಟ್ಟೆಯಾದ ಗಂಜಿನಲ್ಲಿ, ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಹತ್ತಿ, ತೊಗರಿಯ ತೂಕ ನೋಡಿಕೊಳ್ಳುವವರು. ಸುಗ್ಗಿಯ ಗದ್ದಲ ಬಿಟ್ಟು ಗಾಡಿ ತೆಗೆದುಕೊಂಡು ಓಡಿ ಬಂದರು.

ಇಲ್ಲಿ ನಮ್ಮದೊಂದು ತಪ್ಪು ನಡೆಯಿತು. ಅಕ್ಷರ ಕಾಣುತ್ತಿಲ್ಲ ಎಂದರೆ ಚಷ್ಮಾದ ನಂಬರು ಬದಲಾಗಿದೆ ಎಂದುಕೊಂಡೆವು. ಆಸ್ಪತ್ರೆಗೆ ಹೋಗುವ ಬದಲು ಚಷ್ಮಾದ ಅಂಗಡಿಗೆ ಹೋದೆವು. ಅಂಗಡಿ ತೆರೆಯುವವರೆಗೆ ಕಾಯ್ದೆವು. ಚಷ್ಮಾದವರು ಗೋಡೆಯ ಚಾರ್ಟು ತೋರಿಸಿ ಓದಿರೆಂದರು. "ಎಲ್ಲಾ ಕಾಣ್ತದ್ರಿ, ಆದ್ರ ಏನಂತ ಗೊತ್ತಾಗಂಗಿಲ್ಲ" ಎಂದೆ. ಪುಣ್ಯಾತ್ಮರು, ನನಗೊಂದು ಹೊಸ ಚಷ್ಮಾ ಮಾರಿ ಕಳಿಸಬಹುದಿತ್ತು. ಹಾಗೆ ಮಾಡದೆ ಮನೆಯವರನ್ನು ಹೊರಗೆ ಕರೆದು, "ಇದು ಕಣ್ಣಿಂದಲ್ಲ, ತಲೀದು. ಯಾದಗಿರಿಗೆ ಒಯ್ರಿ, ಈಗೇ" ಅಂದರು. ಆ ಮಾತು ಅವರ ಬಾಯಿಂದ ಆಡಿಸಿದವನು ಶಿವನೇ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಕಳೆದ ಹೊತ್ತು ಮಾತ್ರ ಕಳೆದೇ ಹೋಗಿತ್ತು.

ಯಾದಗಿರಿಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಅಲ್ಲಿಂದ ಕಲಬುರಗಿಗೆ ಕಳಿಸಿದರು, ಎಂಆರ್‌ಐಗೆ. ಅದು ಸ್ಟ್ರೋಕ್. ಮೆದುಳಿನ ಹಿಂಭಾಗದಲ್ಲಿ, ಎಡಕ್ಕೆ, ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಕೈಕಾಲು ಬಿದ್ದಿರಲಿಲ್ಲ. ಬಾಯಿ ಸೊಟ್ಟಾಗಿರಲಿಲ್ಲ. ಬಲಗಡೆಯ ನೋಟ ಅರ್ಧ ಹೋಗಿತ್ತು. ಅಕ್ಷರ ಪೂರ್ತಿ ಹೋಗಿದ್ದವು.

ಡಾಕ್ಟರು ಬಿಪಿ ಗುಳಿಗೆಯ ಬಗ್ಗೆ ಕೇಳಿದರು. ದಿನಾ ತಗೋತೀರಾ? ತಗೋತೇನ್ರಿ, ಸೋಮವಾರ ಬಿಟ್ಟು. ಸೋಮವಾರ ಯಾಕೆ ಬಿಡ್ತೀರಿ? ಒಪ್ಪತ್ತು ಇರ್ತದ್ರಿ. ಊಟ ಆದ ಮೇಲೆ ತಗೋರಿ ಅಂತ ಹೇಳಿರ್ತಾರ, ಊಟಾನೇ ಇಲ್ಲಂದ ಮ್ಯಾಲ ಗುಳಿಗಿ ಹ್ಯಾಂಗ ತಗೋಳ್ಳೂದು? ಶ್ರಾವಣದಲ್ಲಂತೂ ತಿಂಗಳಿಡೀ ಒಂದೇ ಹೊತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. "ದೇವರು ಹಾಲು ಕುಡೀರಿ ಅಂತಾನಂದ್ರ ಗುಳಿಗೀನೂ ನುಂಗ್ರಿ ಅಂತಾನವ್ವ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಂತರ ಒಂದು ಹಾಳೆ ಕೊಟ್ಟು, ನಿಮ್ಮ ಊರಿನ ಬಗ್ಗೆ ಏನಾದರೂ ಬರೆಯಿರಿ ಎಂದರು. ಬರೆದೆ. ಕೈ ತನ್ನಷ್ಟಕ್ಕೆ ಓಡಿತು. ಹಾಳೆ ತೆಗೆದಿಟ್ಟುಕೊಂಡು, ಮಕ್ಕಳೆಷ್ಟು, ಹೊಲ ಎಷ್ಟು, ನಾರಾಯಣಪುರ ಕಾಲುವೆ ನೀರು ಬರುತ್ತದೋ ಇಲ್ಲವೋ ಎಂದು ಏನೇನೋ ಮಾತಾಡಿಸಿದರು. ಬಹಳ ಹೊತ್ತಿನ ಮೇಲೆ ಒಂದು ಹಾಳೆ ಮುಂದೆ ಹಿಡಿದು, ಇದನ್ನು ಓದಿ ಎಂದರು. ಬರಲಿಲ್ಲ.

"ಯಾರ ಅಕ್ಷರ ಇದು?"

"ಗೊತ್ತಿಲ್ರಿ ಸಾಹೇಬ್ರ. ಯಾರೋ ಚಂದ ಬರ್ದಾರ."

ನಾನೇ ಬರೆದದ್ದು.

ಗೋಡೆಗೆ ಒರಗಿ ನಿಂತಿದ್ದ ನಮ್ಮ ಮನೆಯವರು ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಹಿಡಿದುಕೊಂಡರು. ಕೈ ಬರೆಯುತ್ತದೆ, ಕಣ್ಣು ಓದುವುದಿಲ್ಲ. ಇಂಥ ಕಾಯಿಲೆಯೂ ಇದೆ ಎಂದು ನನಗೆ ಆವತ್ತು ತಿಳಿಯಿತು. ಈ ಬರಹವನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಬರೆದದ್ದನ್ನು ಸಂಜೆ ಮನೆಯವರು ಓದಿ ಹೇಳುತ್ತಾರೆ, ಆಗ ನಾನು ತಿದ್ದುತ್ತೇನೆ.

ನಾನು ಓದುವವಳು. ನಮ್ಮ ಓಣಿಯಲ್ಲಿ ನನ್ನ ಗುರುತೇ ಅದು. ನಮ್ಮಲ್ಲಿ ಶ್ರಾವಣ ಬಂದರೆ ಓಣಿಯ ಗುಡಿಯಲ್ಲಿ ಪುರಾಣ ಹಚ್ಚುತ್ತೇವೆ. ಮಧ್ಯಾಹ್ನದ ಕೆಲಸ ಮುಗಿಸಿ ಹೆಣ್ಣುಮಕ್ಕಳೆಲ್ಲ ಬಂದು ಕೂರುತ್ತಾರೆ. ಶರಣರ ಪುರಾಣವನ್ನು ವ್ಯಾಸಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದು, ಒಬ್ಬರು ರಾಗವಾಗಿ ಓದುತ್ತಾರೆ. ಒಮ್ಮೆ ಹಚ್ಚಿದ ಪುರಾಣವನ್ನು ಕೊನೆಯ ದಿನದ ಮಂಗಲದವರೆಗೆ ನಡುವೆ ನಿಲ್ಲಿಸುವಂತಿಲ್ಲ. ನಾನು ಸೊಸೆಯಾಗಿ ಬಂದ ಕೆಲವು ವರ್ಷಕ್ಕೇ ಆ ಜಾಗ ನನಗೆ ಬಂತು. ಆಮೇಲೆ ಬೇರೆ ಯಾರೂ ಕೂತಿರಲಿಲ್ಲ. ಮಕ್ಕಳಿಬ್ಬರ ಮದುವೆ ಮಾಡಿ ಕಳಿಸಿದ ಮೇಲೆ ನನಗೆ ಉಳಿದ ದೊಡ್ಡ ಕೆಲಸ ಅದೊಂದೇ ಎನ್ನಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಲಗಡೆಯ ಬಾಗಿಲುಚೌಕಟ್ಟು ದಿನಾ ಹೆಗಲಿಗೆ ಬಡಿಯುತ್ತಿತ್ತು. ಡಬ್ಬಿಯ ಮೇಲಿನ ಹೆಸರು ಓದಲಾಗದೆ ಜೀರಿಗೆ, ಸೋಂಪು ಮೂಸಿ ತಿಳಿಯುತ್ತಿದ್ದೆ. ಗುಳಿಗೆ ತಿಳಿಯುತ್ತಿರಲಿಲ್ಲ. ನಮ್ಮ ಅತ್ತೆಗೆ ಕಣ್ಣಿನ ಪ್ರೆಶರ್‌ನಿಂದ ಎರಡೂ ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ಅವರು ಗುಳಿಗೆಯ ಸ್ಟ್ರಿಪ್‌ಗಳನ್ನು ಬೆರಳಲ್ಲಿ ಸವರಿ, "ಇದು ಮುಂಜಾನಿದು, ಉದ್ದಂದು. ಇದು ಸಂಜೀದು, ಗುಂಡಂದು" ಎಂದು ನನಗೇ ಎತ್ತಿ ಕೊಡುತ್ತಿದ್ದರು.

"ಚಲೋ ಆತು ಬಿಡು. ಮನ್ಯಾಗ ಒಬ್ಬಾಕಿ ಕುರುಡಿ ಇದ್ದೆ, ಜೋಡಿ ಆತು. ನಿನಗರ ಅಡ್ಡ ಬಂದ ಬೆಕ್ಕು ಕಾಣ್ತದ" ಎಂದರು ಒಂದು ದಿನ. ನಾನು ನಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕದ್ದು ಅದೇ.

ಒಂದು ಬೆಳಿಗ್ಗೆ ಪೂಜೆಯ ನಂತರ ಧೈರ್ಯ ಮಾಡಿ ಪುರಾಣದ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲ ಪುಟ ತೆರೆದೆ. ಬಾಯಿ ಶುರುವಾಯಿತು. ಸ್ತುತಿಯ ಪದ್ಯ, ಆಮೇಲಿನದು, ಅದರ ಆಮೇಲಿನದು. ಎಲ್ಲೂ ತಡೆಯಲಿಲ್ಲ. ಮನೆಯವರು ಹಲ್ಲುಜ್ಜುತ್ತಿದ್ದವರು ಹಾಗೇ ಓಡಿ ಬಂದರು. "ಬಂತು! ನೀಲಾ, ಓದಾಕ ಬಂತು ನಿನಗ!" ಎಂದು ಕೂಗಿದರು. ಓಣಿಗೆಲ್ಲ ಸಕ್ಕರೆ ಹಂಚಿದರು. ನೆರೆಯವರು ಬಂದು, ಎಲ್ಲಾ ಶಿವನ ಲೀಲಾ ಎಂದು ಕೈಮುಗಿದರು. ನಾನೂ ನಂಬಿದೆ.

ಅತ್ತೆ ಮಾತ್ರ ಕೈಗೆ ಕೊಟ್ಟ ಸಕ್ಕರೆಯನ್ನು ಬಾಯಿಗೆ ಹಾಕದೆ ಬಟ್ಟಲಿಗೆ ತಿರುಗಿ ಸುರಿದರು.

ಯಾದಗಿರಿಯಲ್ಲಿ ಸ್ಪೀಚ್ ಥೆರಪಿಯ ಮೇಡಂ ಒಬ್ಬರಿದ್ದರು. ನನ್ನ ಮಗಳಿಗಿಂತ ಸಣ್ಣವರು. ಮುಂದಿನ ಸಲ ಹೋದಾಗ ಮನೆಯವರು ಪುಸ್ತಕವನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. "ನೋಡ್ರಿ ಮೇಡಂ, ಪೂರಾ ಓದ್ತಾಳ ಈಗ." ನಾನು ಓದಿದೆ. ಮೇಡಂ ಕೈಕಟ್ಟಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಕೈ ಮುಂದೆ ಚಾಚಿ, ಮೆಲ್ಲಗೆ ಹಾಳೆ ತಿರುವಿದರು. ಒಂದಲ್ಲ, ನಾಲ್ಕೈದು ಹಾಳೆ ಒಟ್ಟಿಗೆ.

ನನ್ನ ಬಾಯಿ ನಿಲ್ಲಲಿಲ್ಲ. ಹಿಂದಿನ ಪದ್ಯದ ಮುಂದಿನ ಪದ್ಯ ಹೇಳುತ್ತಲೇ ಇತ್ತು.

ಮೇಡಂಗೂ ಮನೆಯವರಿಗೂ ತಿಳಿಯಿತು. ಕೊನೆಗೆ ನನಗೂ.

ಮೇಡಂ ನನ್ನ ಕೈ ಹಿಡಿದುಕೊಂಡರು. "ಅಮ್ಮಾರ, ಇದು ನಿಮ್ಮ ಬಾಯಾಗ ಅದ, ಕಣ್ಣಾಗಿಲ್ರಿ. ಬಾಯಿಪಾಠ ಇದ್ದದ್ದು ಹಿಡಕೊಂಡು ಕುಂತ್ರ ಕಣ್ಣು ಕೆಲಸಾನೇ ಮಾಡಂಗಿಲ್ಲ. ನೀವು ಎಂದೂ ನೋಡಿರಬಾರದು, ಕೇಳಿರಬಾರದು, ಅಂಥಾದ್ದು ಓದ್ರಿ. ಒಂದೊಂದೇ ಅಕ್ಷರ. ಬೆರಳಿನಿಂದ ಅಂಗೈ ಮ್ಯಾಲ ತಿದ್ಕೋತ ಓದ್ರಿ. ಕೈಗೆ ಅಕ್ಷರ ಗೊತ್ತದ, ಅದು ಕಣ್ಣಿಗೆ ಹೇಳಿಕೊಡ್ತದ." ಸಾಲು ಎಲ್ಲಿ ಮುಗಿಯುತ್ತದೆಂದು ತಿಳಿಯಲು ಪುಟದ ಬಲ ಅಂಚಿಗೆ ಒಂದು ಕೆಂಪು ಪಟ್ಟಿ ಇಟ್ಟುಕೊಳ್ಳಿ, ಕೆಂಪು ಸಿಗುವವರೆಗೆ ಕಣ್ಣು ಹೊರಳಿಸಿ ಎಂದೂ ಹೇಳಿದರು.

ಮನೆಗೆ ಬಂದು ಅತ್ತೆಯ ಹತ್ತಿರ ಕುಳಿತೆ. "ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಗೊತ್ತಿಲ್ಲದ ಏನು? ಹಾಳಿ ತಿರುವೋ ಸಪ್ಪಳ ಬರಲಿಲ್ಲ. ನೀ ಓದಾಕತ್ತಿದ್ದಿಲ್ಲವ್ವ, ಹಾಡಾಕತ್ತಿದ್ದಿ."

"ಮತ್ತ ಹೇಳಬೇಕಿಲ್ಲೇನ್ರಿ?"

"ಆ ಸಕ್ರಿ ಹಂಚೋ ಹುಚ್ಚಗ ಏನಂತ ಹೇಳ್ಲಿ?" ಎಂದರು. ಆಮೇಲೆ ನನ್ನ ಕಡೆ ಹೊರಳಿ, "ಈಗಿಂದಲ್ಲ ತಂಗಿ. ನೀ ಮೊದಲೂ ಹಾಡ್ತಿದ್ದಿ. ಎಷ್ಟೋ ವರ್ಷದಿಂದ ಹಾಡ್ತಿದ್ದಿ" ಎಂದರು.

ಸ್ಟ್ರೋಕ್ ಆದಾಗಲೂ ನನಗೆ ಹಾಗೆ ಆಗಿರಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ನಿಂತೆ. ಕೊನೆಯ ಸಲ ಆ ಪುಸ್ತಕವನ್ನು ನಿಜವಾಗಿ ಕಣ್ಣಿಟ್ಟು ಓದಿದ್ದು ಯಾವಾಗ? ನೆನಪಾಗಲಿಲ್ಲ. ಬೇರೆ ಪುಸ್ತಕ ಹಿಡಿದದ್ದು? ಅದೂ ನೆನಪಾಗಲಿಲ್ಲ. ಸುರಪುರದಲ್ಲಿ ಹುಡುಗಿಯಾಗಿದ್ದಾಗ ಕಡಲೆ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುತ್ತಿದ್ದೆ. ನಮ್ಮವ್ವ ಬೈಯುವಳು, ಒಲೆ ಮುಂದೆ ಕೂತು ಓದಿದರೆ ರೊಟ್ಟಿ ಹೊತ್ತುತ್ತದೆ ಎಂದು. ಮದುವೆಯಾದ ಮೇಲೆ ಯಾರೂ ಓದಬೇಡವೆನ್ನಲಿಲ್ಲ. ನಾನೇ ಬಿಟ್ಟೆ. ಬಿಟ್ಟದ್ದು ಗೊತ್ತಾಗದಂತೆ ಬಿಟ್ಟೆ, ಏಕೆಂದರೆ ವರ್ಷಕ್ಕೊಮ್ಮೆ ವ್ಯಾಸಪೀಠದ ಮುಂದೆ ಕೂರುತ್ತಿದ್ದೆನಲ್ಲ. ಇದ್ದ ಕಣ್ಣನ್ನು ನಾನು ಹೀಗೆ ಬಳಸಿದೆ. ಅತ್ತೆಯ ಕಣ್ಣು ಹೋದ ಹೊಸತರಲ್ಲಿ, "ಬ್ಯಾರೆ ಏನರ ಓದಿ ಹೇಳ" ಎಂದು ಒಂದೆರಡು ಸಲ ಕೇಳಿದ್ದರು. ಕೆಲಸ ಅದಾವ್ರಿ ಎಂದಿದ್ದೆ. ಕೆಲಸ ಇದ್ದದ್ದು ನಿಜವೇ. ಈಗ ಕೆಲಸವೂ ಇರಲಿಲ್ಲ, ಅಕ್ಷರವೂ ಇರಲಿಲ್ಲ.

ಎಂದೂ ಕೇಳಿರದ ಪುಸ್ತಕ ಹುಡುಕುವುದು ಸುಲಭವಲ್ಲ. ಪೇಪರು ತಂದರು. ಹೆಡ್ಡಿಂಗಿನ ಒಂದಕ್ಷರ ಹಿಡಿದರೆ ಸಾಕು, ರಾತ್ರಿ ಟಿವಿಯಲ್ಲಿ ಕೇಳಿದ್ದು ಬಾಯಿಗೆ ಬಂದುಬಿಡುತ್ತಿತ್ತು. ವಾರಪತ್ರಿಕೆಯ ಸಂಸಾರದ ಕಥೆ ತಂದರು. "ಅತ್ತೆ" ಎಂದು ಕಷ್ಟಪಟ್ಟು ಓದಿದರೆ ಮುಂದಿನದು "ಸೊಸೆ" ಎಂದು ಓದದೆಯೇ ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅದು ಸರಿಯೂ ಇರುತ್ತಿತ್ತು. ಮನೆಯವರಿಗೆ ತಲೆ ಕೆಟ್ಟಿತು. ಕೊನೆಗೆ ಊರಿನ ಲೈಬ್ರರಿಗೆ ಹೋಗಿ, "ನಮ್ಮ ಮನ್ಯಾಕಿ ಕನಸಿನ್ಯಾಗೂ ಕೇಳಿರಬಾರದು, ಅಂಥಾ ಪುಸ್ತಕ ಕೊಡ್ರಿ" ಎಂದರಂತೆ. ಲೈಬ್ರರಿಯವರು ಕಪಾಟಿನ ಕೆಳಗಿನಿಂದ ಧೂಳು ಹೊಡೆದು ಒಂದು ಸೆಟ್ ತೆಗೆದರು. ವೈಜ್ಞಾನಿಕ ಕಾದಂಬರಿಗಳ ಮಾಲೆ, ಏಳು ಪುಸ್ತಕ, ಒಂದರ ಕಥೆ ಇನ್ನೊಂದಕ್ಕೆ ಮುಂದುವರಿಯುತ್ತದೆ. ಹೈಸ್ಕೂಲು ಮಕ್ಕಳಿಗೆಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದು. "ಯಾರೂ ಒಯ್ದಿಲ್ರಿ ಇದನ್ನ. ಸೆಟ್ ಪೂರ್ತಿ ಅದ" ಎಂದರಂತೆ.

ಮೊದಲನೆಯದನ್ನು ತಂದು ನನ್ನ ಮುಂದಿಟ್ಟು, ಅಂಚಿಗೆ ಕೆಂಪು ಉಲ್ಲನ್ನಿನ ಎಳೆ ಇಟ್ಟರು. "ಆಕಾಶದಾಗ ಹೋಗೋ ಹಡಗಿನ ಕಥಿಯಂತ. ನೀ ಹ್ಯಾಂಗ ಊಹಿಸ್ತಿ ನೋಡೂಣು" ಎಂದರು.

ಊಹಿಸಲು ಆಗಲಿಲ್ಲ. "ಬಾಗಿಲು ತೆರೆಯಿತು" ಎಂದು ಬೆವರು ಸುರಿಸಿ ಓದಿದೆ. ಒಳಗೆ ಗಂಡ ಬಂದ ಎಂದು ಬಾಯಿ ತಯಾರಾಗಿತ್ತು. ಕೆಂಪು ಎಳೆಯವರೆಗೆ ಹೋಗಿ ನೋಡಿದರೆ ಒಳಗೆ ಬಂದದ್ದು ಚಳಿ. ಬಾಗಿಲ ಆಚೆ ಮನುಷ್ಯರಿರಲಿಲ್ಲ, ಗಾಳಿಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದು ಎಷ್ಟು ವರ್ಷದ ಮೇಲೆ ಬಂದ ಸುಖ! ಆ ಸಂಜೆ ನಾನು ಓದಿದ್ದು ಅರ್ಧ ಪುಟವೂ ಇಲ್ಲ. ತಲೆ ಸಿಡಿಯುತ್ತಿತ್ತು. ಆದರೂ ಮರುದಿನ ಸಂಜೆ ಯಾವಾಗ ಆದೀತು ಎಂದು ಕಾಯ್ದೆ.

ಅತ್ತೆಯೂ ಕಾಯುತ್ತಿದ್ದರು.

ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಇಬ್ಬರೂ ಕೂರುತ್ತಿದ್ದೆವು. ನಾನು ಅಂಗೈ ಮೇಲೆ ಅಕ್ಷರ ತಿದ್ದಿ, ಹಿಡಿದು, ಬಿಟ್ಟು, ಮತ್ತೆ ಹಿಡಿದು ಒಂದು ಶಬ್ದ ಹೊರಡಿಸುವುದು. ಅವರು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೇಳುವುದು. ಕಥೆ ದೊಡ್ಡದು. ಈ ಭೂಮಿ ಬಿಟ್ಟು ಒಂದು ಹಡಗು ಇನ್ನೊಂದು ನಕ್ಷತ್ರಕ್ಕೆ ಹೊರಟಿದೆ. ಎಷ್ಟು ದೂರವೆಂದರೆ ಹತ್ತಿದವರು ಮುಟ್ಟುವುದಿಲ್ಲ, ಅವರ ಮಕ್ಕಳೂ ಮುಟ್ಟುವುದಿಲ್ಲ, ಮೊಮ್ಮಕ್ಕಳು ಇಳಿಯಬೇಕು. ಹಡಗಿನಲ್ಲಿ ಬೀಜ ಕಾಯುವ ಒಬ್ಬ ಮುದುಕಿ ಇದ್ದಾಳೆ. ಜೋಳ, ಭತ್ತ, ಹತ್ತಿ, ಏನೇನೋ ಬೀಜ. ಕೆಡದಂತೆ ಕಾಯುವುದೇ ಅವಳ ಬಾಳು.

"ಅಲ್ಲಿ ಸೂರ್ಯ ಹುಟ್ಟಂಗಿಲ್ಲಂತಿ. ಮತ್ತ ಸೋಮವಾರ ಯಾವತ್ತು ಅಂತ ಆ ಮುದುಕಿಗೆ ಹ್ಯಾಂಗ ಗೊತ್ತಾಗ್ತದ?" ಎಂದು ಅತ್ತೆ ಕೇಳಿದರು.

"ಗಡಿಯಾರ ಇರ್ತದಲ್ರಿ."

"ಗಡಿಯಾರದ ಸೋಮವಾರಕ್ಕ ಒಪ್ಪತ್ತು ಹಿಡದ್ರ ಶಿವ ಒಪ್ಪತಾನೇನು?"

"ಅಲ್ಲೀನೂ ಅವನೇ ಇರ್ತಾನಲ್ರಿ ಅತ್ತಿ."

"ಇರ್ತಾನ, ಇರ್ತಾನ. ಗುಳಿಗಿ ನುಂಗು ಅಂತ ಆ ಮುದುಕಿಗೂ ಹೇಳು" ಎಂದು ನನ್ನ ತೊಡೆಗೆ ತಟ್ಟಿದರು.

ಮನೆಯವರು ಒಮ್ಮೆ ಅಂಗಡಿಯಿಂದ ಬಂದವರು ಕೈಕಾಲು ತೊಳೆಯುತ್ತ, "ಹಿಂಗ ಓದಿದ್ರ ಆ ಹಡಗು ಯಾವಾಗ ಮುಟ್ಟಬೇಕು? ತಾ ಇಲ್ಲಿ, ನಾ ಓದಿ ಹೇಳ್ತೀನಿ" ಎಂದರು. ಅತ್ತೆ ಮಗನಿಗೆ, "ನೀ ತೊಗರಿ ತೂಗು, ಹೋಗು. ನಿನ್ನ ಕೇಳಾಕ ಯಾರು ಕುಂತಾರ?" ಎಂದರು.

ಬೇಸಿಗೆಯಲ್ಲಿ ಎರಡನೆಯ ಪುಸ್ತಕಕ್ಕೆ ಬಂದೆವು. ಪೂರ್ತಿ ಬಂತು ಎಂದು ಹೇಳಲಾರೆ. ಕೆಲವು ಶಬ್ದ ಒಂದೇ ನೋಟಕ್ಕೆ ಸಿಗುತ್ತಿದ್ದವು, ಕೆಲವು ಸಂಜೆಯನ್ನೇ ತಿನ್ನುತ್ತಿದ್ದವು. ಒತ್ತಕ್ಷರಗಳು ನನ್ನ ವೈರಿಗಳು. ಒಂದು ವಾರ ಸಿಟ್ಟು ಬಂದು ಪುಸ್ತಕ ಮುಟ್ಟಲಿಲ್ಲ. ಅತ್ತೆ ಒತ್ತಾಯ ಮಾಡಲಿಲ್ಲ, ದೀಪ ಹಚ್ಚಿದ ಮೇಲೆ ಅದೇ ಜಾಗದಲ್ಲಿ ಬಂದು ಕೂರುತ್ತಿದ್ದರು.

ಆಷಾಢ ಮುಗಿಯುವ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಬಂದರು. ಮುಂದೆ ಶಾಂತಾ ಇದ್ದಳು, ಎದುರುಮನೆಯ ಸೊಸೆ, ಡಿಗ್ರಿ ಓದಿದವಳು. "ನೀಲಕ್ಕಾರ, ಪುರಾಣ ಹಚ್ಚಬೇಕಲ್ರಿ. ಈ ಸಲಾನೂ ನೀವೇ ಕುಂಡ್ರಬೇಕು ನೋಡ್ರಿ."

ಅವರಿಗೆ ಸಕ್ಕರೆ ತಿಂದ ದಿನದ್ದಷ್ಟೇ ಗೊತ್ತು. ಯಾದಗಿರಿಯಲ್ಲಿ ಆದದ್ದು ಗೊತ್ತಿಲ್ಲ. ನಾನು ಆಮೇಲೆ ಹೇಳುತ್ತೇನೆ ಎಂದೆ.

ಅವರು ಹೋದ ಮೇಲೆ ಮನೆಯವರು, "ಕುಂಡ್ರು. ನಿನಗ ಬಾಯಿಪಾಠ ಅದಲ್ಲ. ಪುಸ್ತಕ ಮುಂದಿಟ್ಕೊಂಡು ಹೇಳು, ಯಾರಿಗೆ ತಿಳಿತದ?" ಎಂದರು. ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ದೇವರ ಮಾತು ಬಾಯಿಂದ ಹೇಳಿದರೂ ಪುಣ್ಯವೇ. ಆದರೆ ನನಗೆ ಹೆದರಿಕೆ ಬೇರೆಯದಿತ್ತು. ಸ್ಟ್ರೋಕ್ ಆದ ಮೇಲೆ ಬಾಯಿಪಾಠವೂ ಅಲ್ಲಲ್ಲಿ ತೂತು ಬಿದ್ದಿತ್ತು. ಮೊದಲಾದರೆ ಮರೆತಲ್ಲಿ ಕಣ್ಣು ಹಾಯಿಸಿದರೆ ಸಾಕಿತ್ತು. ಈಗ ಬಾಯಿ ನಿಂತರೆ ಹಿಡಿಯಲು ಏನೂ ಇಲ್ಲ. ನಡುವೆ ನಿಲ್ಲಬಾರದ ಪುರಾಣ ನನ್ನಿಂದ ನಿಂತರೆ? ಬೇಡವೆಂದರೆ ಆ ಜಾಗ ಹೋಗುತ್ತದೆ, ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಅದನ್ನು ಬಿಟ್ಟರೆ ಈ ಓಣಿಯಲ್ಲಿ ನಾನು ಯಾರು?

ಅತ್ತೆಯನ್ನು ಕೇಳಿದೆ.

"ಕುಂಡ್ರು. ಬಾಯಿ ಇರೂತನ ಹಾಡು. ಸಿಕ್ಕಿಬಿದ್ರ ಓದು" ಎಂದರು.

ಶ್ರಾವಣ ಬಂತು. ಗುಳಿಗೆ ನುಂಗಿಯೇ ಹೋದೆ. ಮೊದಲ ದಿನಗಳು ಚೆನ್ನಾಗಿ ನಡೆದವು. ರಾಗ ಇತ್ತು, ದನಿ ಇತ್ತು. ಮೊದಲಿಗಿಂತ ಚಲೋ ಓದಾಕತ್ತಾರ ಎಂದು ಯಾರೋ ಹಿಂದಿನಿಂದ ಅಂದರು. ಆ ಮಾತು ಕೇಳಿ ಖುಷಿಪಟ್ಟೆ ಎಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ.

ಒಂದು ಮಧ್ಯಾಹ್ನ, ಒಬ್ಬ ಶರಣೆಯ ಕಥೆ ನಡೆದಿತ್ತು. ಒಂದು ಪದ್ಯ ಮುಗಿಯಿತು. ಮುಂದಿನದಕ್ಕೆ ಬಾಯಿ ತೆರೆದೆ.

ಏನೂ ಇರಲಿಲ್ಲ.

ಹಿಂದಿನ ಪದ್ಯವನ್ನೇ ಮತ್ತೆ ಹೇಳಿ ನೋಡಿದೆ. ಅದೇ ಕಡೆ ನಿಂತಿತು. ಮೇಲೆ ಫ್ಯಾನಿನ ಸಪ್ಪಳ. ಯಾರದೋ ಮಗು ಕೊಸರಿತು. "ಏನಾತ್ರಿ?" ಎಂದು ಪಿಸುಮಾತು. ಶಾಂತಾ ಮುಂದೆ ಬಗ್ಗಿ, "ಅಕ್ಕಾರ, ನಾ ಓದ್ಲೇನ್ರಿ?" ಎಂದಳು. ನಾನು ಕೈ ಎತ್ತಿ ತಡೆ ಎಂದೆ. ತೆರೆದಿದ್ದ ಪುಟ ಆ ಪದ್ಯದ್ದೋ ಅಲ್ಲವೋ ಅದೂ ನನಗೆ ತಿಳಿಯದು. ಅವಳನ್ನೇ ಕೇಳಿದೆ, "ಎಲ್ಲಿಗೆ ನಿಂತದ, ಬೆರಳಿಟ್ಟು ತೋರಿಸವ್ವ." ಅವಳು ನನ್ನ ಮುಖ ನೋಡಿದಳು. ಆಗ ಅವಳಿಗೆ ಗೊತ್ತಾಯಿತು. ಹಾಳೆ ತಿರುವಿ ಬೆರಳಿಟ್ಟಳು.

ಸೆರಗಿನ ಕೆಳಗೆ ಅಂಗೈ ಮೇಲೆ ತಿದ್ದಲು ಶುರುಮಾಡಿದೆ. ಆಮೇಲೆ ಸೆರಗು ಸರಿಸಿ, ಎಲ್ಲರ ಮುಂದೆಯೇ ತಿದ್ದಿದೆ. ಒಂದು ಅಕ್ಷರ. ಇನ್ನೊಂದು. ರಾಗ ಇಲ್ಲ. ಶಾಲೆಗೆ ಹೊಸದಾಗಿ ಸೇರಿದ ಮಗು ಓದಿದ ಹಾಗೆ. ಒಂದು ಶಬ್ದ ಸಿಕ್ಕಾಗ ಹೇಳುವುದು, ಮತ್ತೆ ಸುಮ್ಮನಾಗುವುದು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಯಾರೂ ಏಳಲಿಲ್ಲ. ಹೆಣ್ಣುಮಕ್ಕಳ ನಡುವೆ ಕಣ್ಣಿಲ್ಲದ ಅತ್ತೆ, ಮನೆಯ ಪಡಸಾಲೆಯಲ್ಲಿ ಕೂತಂತೆಯೇ ಕಾಲು ಚಾಚಿ ಕೂತಿದ್ದರು.

ಆ ಪದ್ಯದಲ್ಲಿ ಅಂಥದ್ದೇನೂ ಇಲ್ಲ. ಶರಣೆ ಅಂಗಳ ಗುಡಿಸುತ್ತಿದ್ದಾಳೆ. ಬಾಗಿಲಿಗೆ ಜಂಗಮ ಬರುತ್ತಾನೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಧೂಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬರುತ್ತಾಳೆ. ಅಷ್ಟೇ. ಪ್ರತಿ ಶ್ರಾವಣ ನಾನು ಅದನ್ನು ಹಾಡಿದ್ದೇನೆ. ಕೈ ಒರೆಸಿಕೊಂಡದ್ದನ್ನು ಎಂದೂ ನೋಡಿರಲಿಲ್ಲ. ಒಂದೊಂದೇ ಅಕ್ಷರ ಹಿಡಿದು ಆ ಕೈಯವರೆಗೆ ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿ ಪುಟ ಕಲಸಿಹೋಯಿತು.

ಎಲ್ಲರೂ ಅವಮಾನಕ್ಕೆ ಅಳುತ್ತಿದ್ದೇನೆ ಎಂದುಕೊಂಡರು. "ಇರ್ಲಿ ಬಿಡ್ರಿ ಅಕ್ಕಾರ, ಆರಾಮ ಇಲ್ಲದವ್ರು ನೀವು" ಎಂದರು. ನಾನು ಕಣ್ಣು ಒರೆಸಿಕೊಂಡೆ. ಪದ್ಯವನ್ನು ಕೊನೆಯ ಅಕ್ಷರದವರೆಗೆ ಓದಿದೆ. ಪುಸ್ತಕಕ್ಕೆ ಹಣೆ ಮುಟ್ಟಿಸಿದೆ. ಎದ್ದು ಶಾಂತಾಳ ರಟ್ಟೆ ಹಿಡಿದು ಆ ಜಾಗದಲ್ಲಿ ಕೂರಿಸಿದೆ.

ಪುರಾಣ ನಿಲ್ಲಲಿಲ್ಲ. ಅಷ್ಟರ ಮಟ್ಟಿಗೆ ಶಿವ ನನ್ನ ಮರ್ಯಾದೆ ಕಾಯ್ದ.

ಮಂಗಲದ ದಿನ ಶಾಂತಾಳಿಗೆ ಸೀರೆ ಕೊಟ್ಟು ಉಡಿ ತುಂಬಿದರು. ಮುಂದಿನ ವರ್ಷಕ್ಕೂ ಅವಳೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚೆನ್ನಾಗಿ ಓದುತ್ತಾಳೆ ಹುಡುಗಿ. ಕಂಬಕ್ಕೆ ಒರಗಿ ಕೇಳುತ್ತಿದ್ದಾಗ ಒಮ್ಮೊಮ್ಮೆ ಸಂಕಟವಾಗುತ್ತಿತ್ತು. ಈಗಲೂ ಆಗುತ್ತದೆ. ಜಾಗ ಹೋಯಿತೆಂದು ಅರ್ಧ. ಇನ್ನರ್ಧ, ಕಣ್ಣು ನೆಟ್ಟಗಿದ್ದ ಅಷ್ಟು ವರ್ಷ ಆ ಶರಣೆಯ ಕೈ ನನಗೆ ಕಾಣದೆ ಹೋಯಿತಲ್ಲ ಎಂದು. ಡಾಕ್ಟರು ಈ ಬಲಗಡೆಯ ನೋಟ ಇಷ್ಟೇ, ಓದು ಇಷ್ಟೇ, ಇನ್ನು ಬಹಳ ಸುಧಾರಿಸಲಿಕ್ಕಿಲ್ಲ ಎಂದಿದ್ದಾರೆ. ಇರುವಷ್ಟು ಇರಲಿ ಎಂದು ಬೇಡುತ್ತೇನೆ. ಹೆಚ್ಚಿನದನ್ನು ಬೇಡಲು ನನಗೆ ಮುಖವಿಲ್ಲ.

ಕಳೆದ ವಾರ ಮನೆಯವರಿಗೆ ಗಂಜಿನಲ್ಲಿ ಕೆಲಸ ಹೆಚ್ಚಿತ್ತು. ಪುಸ್ತಕ ಬದಲಿಸಲು ನಾನೇ ಲೈಬ್ರರಿಗೆ ಹೋದೆ. ಕಾಯಿಪಲ್ಯೆಗೆ ದಿನಾ ಹೋಗುವ ದಾರಿಯಲ್ಲೇ ಇದೆ. ಇಷ್ಟು ವರ್ಷದಲ್ಲಿ ಒಳಗೆ ಕಾಲಿಟ್ಟಿರಲಿಲ್ಲ. ಲೈಬ್ರರಿಯವರು ಕುರ್ಚಿಯಿಂದ ಏಳುತ್ತ, "ನಾಕನೇದೇನ್ರಿ ಅವ್ವಾರ? ತಗದು ಕೊಡ್ತೀನಿ" ಎಂದರು. "ಬ್ಯಾಡ್ರಿ, ನಾನೇ ಹುಡುಕ್ತೀನಿ" ಎಂದೆ. ಕಪಾಟಿನ ಮುಂದೆ ನೆಲಕ್ಕೆ ಕುಳಿತು, ಬೆನ್ನಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ತಿದ್ದಿದೆ. ಮೊಣಕಾಲು ಹಿಡಿದುಕೊಂಡಿತು. ನಾಲ್ಕನೆಯದು ಸಿಕ್ಕಿತು. ಅದರ ಪಕ್ಕದಲ್ಲೇ, ಸೆಟ್ಟಿಗೆ ಸೇರದ ಇನ್ನೊಂದು ಪುಸ್ತಕ ಇತ್ತು. ಸಮುದ್ರದ ತಳಕ್ಕೆ ಇಳಿದವರದ್ದು ಎಂದು ಓದಿಕೊಂಡೆ. ಯಾರೂ ಓದೆಂದು ಹೇಳಿರಲಿಲ್ಲ. ಮೇಡಂ ಕೊಟ್ಟ ಅಭ್ಯಾಸವೂ ಅಲ್ಲ. ಬೇಕೆನಿಸಿತು, ತೆಗೆದುಕೊಂಡೆ.

ಮನೆಗೆ ಬರುವಾಗ ಬಿಸಿಲು ತಡೆಯದೆ ಬೇವಿನ ಮರದ ಕೆಳಗೆ ನಿಂತು, ನಾಲ್ಕನೆಯ ಪುಸ್ತಕದ ಹಿಂದಿನ ರಟ್ಟನ್ನು ಬಿಡಿಸಿ ಓದಿದೆ. ಬೀಜ ಕಾಯುವ ಮುದುಕಿಗೆ ಏನಾಗುತ್ತದೆಂದು ಅಲ್ಲಿ ಬರೆದಿತ್ತು. ತಡೆಯಲಾಗಲಿಲ್ಲ. ಚಪ್ಪಲಿ ಬಿಡುತ್ತಲೇ, "ಅತ್ತಿ, ಕೇಳ್ರಿ ಇಲ್ಲಿ, ಆ ಮುದುಕಿ ಅದಾಳಲ್ಲ..." ಎಂದು ಶುರುಮಾಡಿದೆ.

ಅತ್ತೆ ದನಿ ಬಂದ ಕಡೆ ಕೈ ಚಾಚಿ ನನ್ನ ಬಾಯಿ ಹುಡುಕಿ ಮುಚ್ಚಿದರು.

"ಹೇಳಬ್ಯಾಡವ್ವ. ಓದು."